ಡಕಾರ್ ಕಂಪನಿಯ ನನ್ನ ಪಾಲು ಮಾರಬೇಕು, ಒಬ್ಬ ಪಾಲುದಾರರು ಮಾತೇ ಆಡುತ್ತಿಲ್ಲ

ಪ್ರಶ್ನೆ:
ನಾವು ಮೂವರು ಸೇರಿ ಸೆನೆಗಲ್‌ನ ಡಕಾರ್‌ನಲ್ಲಿ ಒಂದು ಎಸ್‌ಎಆರ್‌ಎಲ್ (ಸೀಮಿತ ಹೊಣೆಗಾರಿಕೆಯ) ಕಂಪನಿ ನಡೆಸುತ್ತಿದ್ದೇವೆ. ಕಾವ್ಲಾಕ್ ಕಡೆಯಿಂದ ಶೇಂಗಾ ಕೊಂಡು ಹೊರದೇಶಕ್ಕೆ ಕಳಿಸುವ ಕೆಲಸ. ಬಂಡವಾಳ 10 ಲಕ್ಷ ಸಿಎಫ್‌ಎ ಫ್ರಾಂಕ್, ತಲಾ 5,000ದ 200 ಪಾಲು. ನನ್ನವು 80, ಉಳಿದಿಬ್ಬರದು 60-60. ನನ್ನ ಪಾಲನ್ನು ಹೊರಗಿನವರೊಬ್ಬರಿಗೆ ಮಾರುವ ಮಾತಾಗಿದೆ. ಒಬ್ಬ ಪಾಲುದಾರರು ಒಪ್ಪಿದ್ದಾರೆ. ಇನ್ನೊಬ್ಬರು ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡಿ ಸುಮ್ನಿರುತ್ತಾರೆ. ಒಬ್ಬರ ಒಪ್ಪಿಗೆ ಸಾಕಾ?

ಉತ್ತರ 1:
ಸಾಲದು ಸರ್. ಮೊದಲು ಕಂಪನಿಯ ಸ್ಟಾಟ್ಯು, ಅಂದರೆ ಕಂಪನಿಯ ನಿಯಮಾವಳಿ, ತೆಗೆದು ನೋಡಿ. ಅದರಲ್ಲಿ ಬೇರೆ ನಿಯಮ ಇಲ್ಲದಿದ್ದರೆ ಓಹಾಡ, ಅಂದರೆ ಆಫ್ರಿಕಾದ ಹಲವು ದೇಶಗಳಿಗೆ ಒಂದೇ ಆದ ವ್ಯಾಪಾರ ಕಾನೂನಿನ ಲೆಕ್ಕ ನಡೆಯುತ್ತದೆ. ನಿಮ್ಮ 80 ಕಳೆದರೆ ಉಳಿಯುವುದು 120. ಅದರ ಮುಕ್ಕಾಲು ಭಾಗ, ಅಂದರೆ 90 ಪಾಲಿನ ಒಪ್ಪಿಗೆ ಬೇಕು. ಒಬ್ಬರದು 60 ಮಾತ್ರ ಅಲ್ವಾ?

ಆದರೆ ಹೆದರಬೇಡಿ. ಯಾರಿಗೆ ಮಾರುತ್ತೀರಿ ಎಂದು ಕಂಪನಿಗೂ ಇಬ್ಬರು ಪಾಲುದಾರರಿಗೂ ಲಿಖಿತ ನೋಟಿಸ್ ಕೊಡಿ. ಕೊನೆಯ ನೋಟಿಸ್ ತಲುಪಿ ಮೂರು ತಿಂಗಳಾದರೂ ಕಂಪನಿ ತೀರ್ಮಾನ ತಿಳಿಸದಿದ್ದರೆ ಒಪ್ಪಿದ ಹಾಗೆಯೇ. ಬೇಡ ಎಂದರೆ ನಿಮ್ಮ ಪಾಲನ್ನು ಉಳಿದ ಪಾಲುದಾರರೇ ಮೂರು ತಿಂಗಳೊಳಗೆ ಕೊಳ್ಳಬೇಕು. ಬೆಲೆ ಹೊಂದದಿದ್ದರೆ ತಜ್ಞರಿಂದ ಗೊತ್ತುಮಾಡಿಸಬೇಕು. ವಾಟ್ಸಾಪ್ ಮೆಸೇಜನ್ನು ನೋಟಿಸ್ ಎಂದು ನಂಬಿ ಕೂರಬೇಡಿ. ತಲುಪಿದ ರಸೀದಿ ಕೈಯಲ್ಲಿರಲಿ.

ನನ್ನ ಕಥೆ ಹೇಳುತ್ತೇನೆ. ಇದೇ ಕಾನೂನು ನಡೆಯುವ ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಪಾಲು ಮಾರಿದಾಗ ಪತ್ರಕ್ಕೆ ಇಬ್ಬರೂ ಸಹಿ ಹಾಕಿದೆವು, ದುಡ್ಡು ಬಂತು, ನಾನು ಫೈಲು ಕಟ್ಟಿಟ್ಟೆ. ಹದಿನಾಲ್ಕು ತಿಂಗಳ ಮೇಲೆ ಕಂಪನಿಯ ಸಾಲದ ವಿಚಾರಕ್ಕೆ ಬ್ಯಾಂಕಿನಿಂದ ನನಗೇ ಫೋನ್. ವಾಣಿಜ್ಯ ನೋಂದಣಿ ಪುಸ್ತಕದಲ್ಲಿ, ಅದೇ ಆರ್‌ಸಿಸಿಎಂನಲ್ಲಿ, ಇನ್ನೂ ನನ್ನ ಹೆಸರೇ ಇತ್ತು. ಆ ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು. ನೀವು ಹಾಗೆ ಮಾಡಬೇಡಿ. ಮಾರಾಟ ಪತ್ರದ ಒಂದು ಮೂಲ ಪ್ರತಿಯನ್ನು ಕಂಪನಿಯ ಕಚೇರಿಗೆ ಕೊಟ್ಟು, ಮ್ಯಾನೇಜರ್ ಸಹಿಯ ಸ್ವೀಕೃತಿ ಪತ್ರ ಪಡೆಯಿರಿ. ಸ್ಟಾಟ್ಯು ತಿದ್ದಿಸಿ ಆರ್‌ಸಿಸಿಎಂಗೆ ಹಾಕಿಸಿ. ಹೊಸ ಪ್ರತಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ಕಣ್ಣಾರೆ ನೋಡಿ.

ಉತ್ತರ 2:
ಕೊಳ್ಳುವವರಿಗೆ ಬೇಕಿರುವುದು ಪಾಲೋ ವ್ಯಾಪಾರವೋ, ಅದನ್ನೂ ಕೇಳಿ. ಪಾಲು ಕೊಂಡರೆ ಕಂಪನಿಯ ಹಳೆ ಸಾಲ ಕಂಪನಿಯಲ್ಲೇ ಇರುತ್ತದೆ. ವ್ಯಾಪಾರವನ್ನೇ ಮಾರುವುದಾದರೆ ಮಾರುವುದು ಕಂಪನಿ, ನೀವೊಬ್ಬರೇ ಅಲ್ಲ. ಆಗ 15 ದಿನದೊಳಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಸಾಲ ಕೊಟ್ಟವರು ಆಕ್ಷೇಪ ಎತ್ತಲು ಅದಾದ ಮೇಲೆ 30 ದಿನ ಇರುತ್ತದೆ. ಹಣವೂ ತಕ್ಷಣ ಕೈಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅವರಿಗೆ ಬೇಕಿರುವುದು ಪಾಲೇ. ಸ್ಟಾಟ್ಯು ಓದಿದೆ, ಬೇರೆ ಷರತ್ತು ಏನೂ ಇಲ್ಲ. ನಾಳೆ ಮೂರು ನೋಟಿಸ್ ಹೋಗುತ್ತವೆ. ಮೂರು ತಿಂಗಳು ಕಾಯಬೇಕಾದೀತು ಎಂದು ಕೊಳ್ಳುವವರಿಗೂ ಈಗಷ್ಟೇ ಹೇಳಿದೆ, ಒಪ್ಪಿದ್ದಾರೆ.