ಕಿಟ್ಟಿ, ಡೇಸಿ ಆ್ಯಂಡ್ ಲೂಯಿಸ್ ಲೈವ್: ನೋಡಿದವರು ಹೇಳಿ

ಕೇಳಿದವರು: ಲಂಡನ್ನಿನಲ್ಲಿದ್ದೇವೆ. ಊರಿಂದ ಅಪ್ಪ ಬಂದಿದ್ದಾರೆ, 68 ವರ್ಷ, ಮಂಡಿ ನೋವಿದೆ. ಮಗಳಿಗೆ ಒಂಬತ್ತು. ಹಳೇ ಕಾಲದ ರಾಕ್ ಆ್ಯಂಡ್ ರೋಲ್, ಬ್ಲೂಸ್ ನುಡಿಸುವ ಕಿಟ್ಟಿ, ಡೇಸಿ ಆ್ಯಂಡ್ ಲೂಯಿಸ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಮೂವರೂ ಹೋಗೋಣ ಅಂತ ಆಸೆ. ಇಬ್ಬರಿಗೂ ಹಿಡಿಸುತ್ತಾ? ಹೋಗುವ ಮುಂಚೆ ಏನು ನೋಡಿಕೊಳ್ಳಬೇಕು?

ಉತ್ತರ 1: ಖಂಡಿತ ಹೋಗಿ. 2015ರಲ್ಲಿ ಅವರ ಮೂರನೇ ಆಲ್ಬಮ್ ಬಂದಾಗ ಜರ್ಮನಿಯ ಒಂದು ಸಣ್ಣ ಹಾಲಿನಲ್ಲಿ ನೋಡಿದ್ದೆ. ಆ ಆಲ್ಬಮ್ ನಿರ್ಮಿಸಿದ್ದು ಬ್ರಿಟನ್ನಿನ ಹೆಸರಾಂತ ಪಂಕ್ ರಾಕ್ ಬ್ಯಾಂಡ್ ದ ಕ್ಲ್ಯಾಷ್‌ನ ಮಿಕ್ ಜೋನ್ಸ್. ಡೇಸಿ, ಲೂಯಿಸ್, ಕಿಟ್ಟಿ ಮೂವರೂ ಲಂಡನ್ನಿನ ಕೆಂಟಿಶ್ ಟೌನಿನ ಅಕ್ಕ, ತಮ್ಮ, ತಂಗಿ. ನಾನು ನೋಡಿದ ದಿನ ಅವರ ಅಮ್ಮ ಇಂಗ್ರಿಡ್ ವೈಸ್ ಡಬಲ್ ಬಾಸ್ (ಆಳೆತ್ತರದ ಪಿಟೀಲಿನಂಥ ವಾದ್ಯ) ಹಿಡಿದು ನಿಂತಿದ್ದರು. ಒಂದು ಕಾಲಕ್ಕೆ ಅವರು ದ ರೇನ್‌ಕೋಟ್ಸ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದವರು. ಪಕ್ಕದಲ್ಲೇ ಗಿಟಾರ್ ಹಿಡಿದು ಅಪ್ಪ, ಗ್ರೇಮ್ ಡರಮ್. ಮಕ್ಕಳ ಮೇಲೆ ಕಣ್ಣಿಟ್ಟು ತಾಳ ಕೊಡುತ್ತಾ ನಿಂತ ಆ ಅಪ್ಪ ಅಮ್ಮನನ್ನು ನೋಡಿ ನನಗೆ ಗಂಟಲು ಕಟ್ಟಿತು.

ನಿಜವಾದ ಸೊಗಸು ಇರುವುದು ವಾದ್ಯ ಬದಲಾಗುವಾಗ. ಒಂದು ಹಾಡಿಗೆ ಡ್ರಮ್ಸಿನಲ್ಲಿದ್ದ ಕಿಟ್ಟಿ ಮುಂದಿನದಕ್ಕೆ ಮೌತ್ ಆರ್ಗನ್ ಹಿಡಿದು ಮೈಕ್ ಮುಂದೆ. ಡೇಸಿ ಪಿಯಾನೊ ಬಿಟ್ಟು ಡ್ರಮ್ಸಿಗೆ. ಲೂಯಿಸ್ ಗಿಟಾರ್ ಕೆಳಗಿಟ್ಟು ಪಿಯಾನೊಗೆ. ನಮ್ಮ ಮನೆ ಭಜನೆಯಲ್ಲಿ ತಾಳ, ಹಾರ್ಮೋನಿಯಂ ಕೈಯಿಂದ ಕೈಗೆ ಹೋಗುತ್ತಿದ್ದುದು ನೆನಪಾಯಿತು. ಒಬ್ಬರೂ ಇದು ನನ್ನ ಜಾಗ ಅಂತ ಕೂರುವುದಿಲ್ಲ. ಮಗಳಿಗೆ ಇದು ಕಾಣಬೇಕು. ಹಿಂದೆ ನಿಂತರೆ ದೊಡ್ಡವರ ಬೆನ್ನು ಬಿಟ್ಟು ಬೇರೇನೂ ಕಾಣದು, ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಮುಂದಿನ ಸಾಲಿನ ಒಂದು ಮೂಲೆ ಹಿಡಿಯಿರಿ. ಸ್ಪೀಕರ್ ಎದುರಿಗೆ ಮಾತ್ರ ಬೇಡ.

ಉತ್ತರ 2: ಅಪ್ಪನ ವಿಷಯಕ್ಕೆ ಬರ್ತೀನಿ. ಇಂಥ ಹಾಲುಗಳಲ್ಲಿ ಬಹುಪಾಲು ಕುರ್ಚಿ ಇರಲ್ಲ, ಎರಡು ಮೂರು ಗಂಟೆ ನಿಂತೇ ಇರಬೇಕು. ಟಿಕೆಟ್ ಕೊಳ್ಳುವ ಮುಂಚೆ ಹಾಲಿನವರಿಗೆ ಮೇಲ್ ಹಾಕಿ, ಮಂಡಿ ನೋವಿನ ವಿಷಯ ಬರೆದು, ಬಾಲ್ಕನಿಯಲ್ಲೋ ಪಕ್ಕದಲ್ಲೋ ಒಂದು ಕುರ್ಚಿ ಕೇಳಿ. ನಾನು ಕೇಳದೆ ಅಮ್ಮನನ್ನು ಕರೆದೊಯ್ದು, ಅರ್ಧಕ್ಕೇ ಎದ್ದು ಬಂದೆವು. ಆ ಬೇಸರ ಇವತ್ತಿಗೂ ಇದೆ. ಮಗಳ ವಯಸ್ಸಿಗೆ ಪ್ರವೇಶ ಇದೆಯೋ ಅದನ್ನೂ ಅದೇ ಮೇಲಿನಲ್ಲಿ ಕೇಳಿಬಿಡಿ. ಒಂದೊಂದು ಹಾಲಿನ ನಿಯಮ ಒಂದೊಂದು ಥರ.

ಉತ್ತರ 3: ಮಗುವಿಗೆ ಕಿವಿ ಮುಚ್ಚುವ ಇಯರ್ ಮಫ್ ತಪ್ಪದೆ ಒಯ್ಯಿರಿ. ಹಳೇ ಕಾಲದ ಸಂಗೀತ ಅಂದ್ರೆ ಮೆಲ್ಲಗಿರುತ್ತೆ ಅಂದುಕೊಳ್ಳಬೇಡಿ, ಸ್ನೇರ್ ಡ್ರಮ್ಮಿನ ಏಟು ಎದೆಗೇ ಬಡಿಯುತ್ತೆ.

ಉತ್ತರ 4: ನಿಮ್ಮ ಅಪ್ಪನಿಗೆ ಗ್ರಾಮಫೋನ್ ನೆನಪಿದ್ದರೆ ಒಂದು ಮಾತು ಮೊದಲೇ ಹೇಳಿಡಿ. ಲೂಯಿಸ್ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಕೂಡಿಡುವವರು. 2008ರ ಮೊದಲ ಆಲ್ಬಮ್ ಹೊತ್ತಿಗೆ ಮೂವರೂ ಚಿಕ್ಕವರು, ಆಗಲೇ ಕಂಪ್ಯೂಟರ್ ಬಿಟ್ಟು ಹಳೇ ಮೈಕು, ಟೇಪಿನಲ್ಲಿ ಮನೆಯಲ್ಲೇ ರೆಕಾರ್ಡ್ ಮಾಡಿದವರು. ಒಮ್ಮೆ ಅವರ ಕಾರ್ಯಕ್ರಮಕ್ಕೆ ಕರೆದೊಯ್ದಿದ್ದ ನಮ್ಮ ಮಾವನಿಗೆ ಇಂಗ್ಲಿಷ್ ಹಾಡಿನ ಸಾಹಿತ್ಯ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಡಬಲ್ ಬಾಸಿನ ತಂತಿ ಚಟ್ಟೆಂದು ಹಲಗೆಗೆ ಬಡಿದ ಕೂಡಲೇ ಅವರ ಬೆರಳು ತೊಡೆ ಮೇಲೆ ಶುರುವಾಯಿತು. ಜಮೈಕಾದ ಹಿರಿಯ ಟ್ರಂಪೆಟ್ ವಾದಕ ಎಡ್ಡಿ 'ಟ್ಯಾನ್ ಟ್ಯಾನ್' ಥಾರ್ನ್‌ಟನ್ ಅವತ್ತು ಜೊತೆಗಿದ್ದರು. ಆ ವಯಸ್ಸಿನ ಮನುಷ್ಯ ಈ ಹುಡುಗರ ಪಕ್ಕ ನಿಂತು ಊದುವುದನ್ನು ಕಂಡು ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

ಕೇಳಿದವರು: ಹಾಲಿಗೆ ಈಗಷ್ಟೇ ಮೇಲ್ ಹಾಕಿದೆ, ಕುರ್ಚಿ ಒಂದು, ಮಗಳ ವಯಸ್ಸು ಒಂಬತ್ತು ಅಂತ. ಅಪ್ಪ ಆಗಲೇ ಯಾವ ಅಂಗಿ ಹಾಕಲಿ ಅಂತ ಕೇಳ್ತಿದ್ದಾರೆ.