ಕ್ವಿಟೋದಲ್ಲಿ ನಾಲ್ಕು ದಿನ: ಹಳೇ ಊರು, ಚರ್ಚು, ಮ್ಯೂಸಿಯಂ ಯಾವ ಕ್ರಮದಲ್ಲಿ ನೋಡಬೇಕು?

ಬೆಣ್ಣೆನಗರಿ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಅಪ್ಪ, ಅಮ್ಮನನ್ನು ಕರಕೊಂಡು ಎಕ್ವಡಾರ್ ರಾಜಧಾನಿ ಕ್ವಿಟೋಗೆ ಹೊರಟಿದ್ದೇವೆ. ಅಪ್ಪನಿಗೆ 66, ಬಿಪಿ ಮಾತ್ರೆ ನಡೀತಿದೆ. ಅಮ್ಮನಿಗೆ 61, ಮಂಡಿನೋವು. ಭಾನುವಾರ ರಾತ್ರಿ ಇಳಿದು ಶುಕ್ರವಾರ ಬೆಳಿಗ್ಗೆ ವಾಪಸ್. ಟೂರ್‌ನವರು ಸೋಮವಾರ ಒಂದೇ ದಿನದಲ್ಲಿ ಹಳೇ ಊರು, ಪನೆಸಿಯೋ ಗುಡ್ಡ, ರೋಪ್‌ವೇ, ಭೂಮಧ್ಯರೇಖೆ ಎಲ್ಲ ಮುಗಿಸಿಕೊಡ್ತೀವಿ ಅಂತಿದ್ದಾರೆ. ಒಪ್ಪಬಹುದಾ? ಗೈಡ್ ಬೇಕೇ ಬೇಕಾ? ಮನೆಯವರೆಲ್ಲ ಶುದ್ಧ ಸಸ್ಯಾಹಾರಿಗಳು.

ಚಂದ್ರವಳ್ಳಿ:
ಆ ಪ್ಯಾಕೇಜ್ ಒಪ್ಪಬೇಡಿ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಕ್ವಿಟೋ 2,850 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 70ರಷ್ಟೇ. ಇಳಿದ ಮರುದಿನವೇ ರೋಪ್‌ವೇ ಹತ್ತಿಸಿದರೆ ಪಿಚಿಂಚಾ ಬೆಟ್ಟದ ಮೇಲೆ ಹತ್ತಿರತ್ತಿರ 4,000 ಮೀಟರ್‌ಗೆ ಒಯ್ದು ನಿಲ್ಲಿಸುತ್ತದೆ. ತಲೆನೋವು, ವಾಂತಿ, ನಿದ್ದೆಗೇಡು ಶುರುವಾಗುವುದು ಸಾಮಾನ್ಯವಾಗಿ ಹೀಗೆ ಅವಸರ ಮಾಡಿದಾಗ.

ನಿಮ್ಮ ಅದೃಷ್ಟಕ್ಕೆ ಸೋಮವಾರ ಅಲ್ಲಿನ ಸುಮಾರು ಮ್ಯೂಸಿಯಂಗಳಿಗೆ ರಜೆ. ನ್ಯಾಷನಲ್ ಮ್ಯೂಸಿಯಂ, ಸಿಟಿ ಮ್ಯೂಸಿಯಂ ಎರಡೂ ಮುಚ್ಚಿರುತ್ತವೆ. ಆ ದಿನ ಸುಮ್ಮನೆ ಹಳೇ ಊರಿನ ದೊಡ್ಡ ಚೌಕ ಪ್ಲಾಜಾ ಗ್ರಾಂಡೆಯಲ್ಲಿ ಕೂತುಕೊಳ್ಳಿ. ನಡುವಿನ ಸ್ತಂಭ 1809ರ ಆಗಸ್ಟ್ 10ರ ಸ್ವಾತಂತ್ರ್ಯದ ಕೂಗಿನ ನೆನಪಿಗೆ ನಿಲ್ಲಿಸಿದ್ದು. ಒಂದು ಬದಿಗೆ ಕ್ಯಾಥೆಡ್ರಲ್, ಇನ್ನೊಂದು ಬದಿಗೆ ದೇಶದ ಅಧ್ಯಕ್ಷರ ಕರೊಂಡಲೆಟ್ ಅರಮನೆ. ಅಧ್ಯಕ್ಷ ಗಾರ್ಸಿಯಾ ಮೊರೆನೋ ಕೊಲೆಯಾದದ್ದು 1875ರಲ್ಲಿ ಈ ಅರಮನೆಯ ಹೊಸ್ತಿಲಲ್ಲೇ. ನೀರು ಜಾಸ್ತಿ, ಊಟ ಕಮ್ಮಿ, ಏರು ಬೀದಿ ಬೇಡ. ಅಪ್ಪನ ಬಿಪಿ ಮಾತ್ರೆ ಒಂದೂ ತಪ್ಪಬಾರದು. ಎತ್ತರಕ್ಕೆ ಕೊಡುವ ಅಸೆಟಝೋಲಮೈಡ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನದ ಮೇಲೆ ಮಳೆ ಹಿಡಿಯುವುದು ಹೆಚ್ಚು. ಹಾಗಾಗಿ ಗುಡ್ಡ, ಚೌಕ ಬೆಳಿಗ್ಗೆ. ಚರ್ಚು, ಮ್ಯೂಸಿಯಂ ಮಧ್ಯಾಹ್ನ. ಮಂಗಳವಾರ, ಬುಧವಾರ ಹಳೇ ಊರು. ಗುರುವಾರ ಭೂಮಧ್ಯರೇಖೆ, ಅದು ಊರಿಗಿಂತ ತಗ್ಗಿನಲ್ಲಿರುವುದರಿಂದ ಉಸಿರಿಗೂ ಹಗುರ. ರೋಪ್‌ವೇ ಬಿಟ್ಟರೂ ನಷ್ಟವಿಲ್ಲ.

ಪಿಜೆ_ಬಡಾವಣೆ:
ಗೈಡ್ ವಿಚಾರ. ದುರ್ಗದ ಕೋಟೆಗೆ ಗೈಡ್ ಇಲ್ಲದೆ ಹೋದವರು ಓಬವ್ವನ ಕಿಂಡಿಯ ಪಕ್ಕದಲ್ಲೇ ಹಾದು ಹೋಗಿಬಿಡ್ತಾರಲ್ಲ, ಕ್ವಿಟೋ ಚರ್ಚುಗಳ ಕಥೆಯೂ ಅದೇ. ಆದರೆ ನಾಲ್ಕೂ ದಿನ ಬೇಕಿಲ್ಲ. ಮಂಗಳವಾರ ಮೂರು ಗಂಟೆ ಸಾಕು. ಸರ್ಕಾರದ ಲೈಸೆನ್ಸ್ ಕಾರ್ಡ್ ಇದ್ದವರನ್ನೇ ಹಿಡಿಯಿರಿ. ಪ್ರವೇಶ ಟಿಕೆಟ್ ಅವರ ಫೀಸಿನಲ್ಲಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳಿ, ಜಗಳ ಹತ್ತುವುದು ಅಲ್ಲೇ.

ಮೊದಲು ಲಾ ಕಂಪಾನಿಯಾ, ಜೆಸ್ಯೂಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಚರ್ಚು. 1605ಕ್ಕೆ ಶುರುವಾಗಿ 1765ಕ್ಕೆ ಮುಗಿದದ್ದು. ಎರಡೇ ವರ್ಷಕ್ಕೆ ಸ್ಪೇನ್ ದೊರೆ ಜೆಸ್ಯೂಟರನ್ನೇ ಗಡೀಪಾರು ಮಾಡಿದ. ಒಳಗೆ ಹೋದ ಕೂಡಲೇ ಚಿನ್ನದ ರೇಕು ಕಣ್ಣು ಕೋರೈಸಿ ಬೇರೇನೂ ಕಾಣಿಸುವುದಿಲ್ಲ. ಬಾಗಿಲ ಹತ್ತಿರವೇ ಐದು ನಿಮಿಷ ನಿಲ್ಲಿ. ಒಂದು ಕಡೆ ನಿಜವಾದ ಸುರುಳಿ ಮೆಟ್ಟಿಲಿದೆ. ಎದುರು ಕಡೆ ಸಮತೋಲಕ್ಕೆಂದು ಗೋಡೆ ಮೇಲೆ ಅಂಥದ್ದೇ ಮೆಟ್ಟಿಲನ್ನು ಬಣ್ಣದಲ್ಲಿ ಬರೆದಿದ್ದಾರೆ. ಕಂಬಗಳ ಮೇಲಿನ ಜ್ಯಾಮಿತಿ ಕುಸುರಿ ಸ್ಪೇನಿನ ಮುಸ್ಲಿಂ ಕುಶಲಕರ್ಮಿಗಳ ಪರಂಪರೆಯಿಂದ ಬಂದದ್ದು. ಫೋಟೋ ನಿಯಮ ಕೌಂಟರ್‌ನಲ್ಲೇ ಕೇಳಿ, ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಅಲ್ಲಿಂದ ಸಾನ್ ಫ್ರಾನ್ಸಿಸ್ಕೋ ಚರ್ಚು ನಡಿಗೆ ದೂರ. ಮುಖ್ಯ ಬಲಿಪೀಠದಲ್ಲಿ ಬರ್ನಾರ್ಡೋ ದೆ ಲೆಗಾರ್ದಾ 1734ರಲ್ಲಿ ಕೆತ್ತಿದ ರೆಕ್ಕೆಯ ಮೇರಿ ಇದ್ದಾಳೆ, ಕಾಲಡಿಯಲ್ಲಿ ಸರ್ಪ. ಕುಣಿಯುವ ಭಂಗಿ, ಮೇರಿಯ ವಿಗ್ರಹಗಳಲ್ಲಿ ಇದು ಅಪರೂಪ. ಪನೆಸಿಯೋ ಗುಡ್ಡದ ಮೇಲಿನ ಸುಮಾರು 7,000 ಅಲ್ಯೂಮಿನಿಯಂ ತುಂಡುಗಳ ದೊಡ್ಡ ಪ್ರತಿಮೆಗೆ ಮಾದರಿ ಇವಳೇ. ಮೊದಲು ಇವಳನ್ನು ನೋಡಿ, ಆಮೇಲೆ ಗುಡ್ಡಕ್ಕೆ ಹೋಗಿ.

ಪಕ್ಕದ ಕಾನ್ವೆಂಟ್ (ಸನ್ಯಾಸಿಗಳ ಮಠ) ಮ್ಯೂಸಿಯಂನಲ್ಲಿ ಮರದ ವಿಗ್ರಹಗಳ ಕೆನ್ನೆ, ಕೈ ಹತ್ತಿರದಿಂದ ನೋಡಿ. ಪಿಂಗಾಣಿ ಅನ್ನಿಸುತ್ತದೆ. ಬಣ್ಣ ಹಚ್ಚಿ, ಕುರಿಯ ಮೂತ್ರಕೋಶದ ಒದ್ದೆ ಪೊರೆಯಿಂದ ಉಜ್ಜಿ ಉಜ್ಜಿ ತಂದ ಹೊಳಪು ಅದು. ಬಟ್ಟೆಯ ಭಾಗಕ್ಕೆ ಬೇರೆ ಕ್ರಮ: ಕೆಳಗೆ ಚಿನ್ನದ ರೇಕು, ಮೇಲೆ ಬಣ್ಣ, ಆಮೇಲೆ ಮೊನೆಯಿಂದ ಬಣ್ಣ ಕೆರೆದು ಒಳಗಿನ ಚಿನ್ನವನ್ನೇ ಕಸೂತಿಯ ಹಾಗೆ ಬಿಡಿಸುವುದು. ಇದನ್ನು ತೋರಿಸದೆ ಬರೀ ಇಸವಿ ಒಪ್ಪಿಸುವ ಗೈಡ್‌ಗೆ ದುಡ್ಡು ದಂಡ.

ಬುಧವಾರ ಸಿಟಿ ಮ್ಯೂಸಿಯಂ. 1565ರಲ್ಲಿ ಶುರುವಾಗಿ 1974ರವರೆಗೂ ನಡೆದ ಆಸ್ಪತ್ರೆಯ ಕಟ್ಟಡ ಅದು. ಬಸಿಲಿಕಾ ಎಂಬ ಇನ್ನೊಂದು ದೊಡ್ಡ ಚರ್ಚಿನ ಗೋಪುರ ಮಾತ್ರ ಅಮ್ಮನಿಗೆ ಬೇಡ, ಮೇಲಿನ ಕಬ್ಬಿಣದ ಏಣಿ ಬಹಳ ಕಡಿದು. ಕೆಳಗೆ ನಿಂತೇ ಗೋಡೆಯಿಂದ ಚಾಚಿದ ಆಮೆ, ಇಗ್ವಾನಾ ಶಿಲ್ಪಗಳನ್ನು ನೋಡಬಹುದು.

ಔಷಧಿ_ಬೀದಿ:
ಯಾರೂ ಹೇಳದ ಮುಖ್ಯ ಸಂಗತಿ, ಹಳದಿ ಜ್ವರದ ಲಸಿಕೆ. ಕ್ವಿಟೋ ಎತ್ತರದಲ್ಲಿ ಆ ಸೊಳ್ಳೆಯ ಭಯವಿಲ್ಲ, ನಿಜ. ಆದರೆ ಭಾರತ ನೋಡುವುದು ದೇಶವನ್ನು, ಊರನ್ನಲ್ಲ. ಎಕ್ವಡಾರ್ ಪಟ್ಟಿಯಲ್ಲಿದೆ. ಸರ್ಟಿಫಿಕೇಟ್ ಇಲ್ಲದೆ ಬಂದು ಇಳಿದರೆ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಚುಚ್ಚಿಸಿಕೊಂಡ 10 ದಿನದ ನಂತರವೇ ಅದು ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅಧಿಕೃತ ಕೇಂದ್ರದಲ್ಲೇ ಹಾಕಿಸಬೇಕು, ಬೆಂಗಳೂರಿಗೆ ಹೋಗಿಬರುವ ದಿನವನ್ನೂ ಲೆಕ್ಕ ಹಾಕಿ.

ಇದು ಜೀವಂತ ಲಸಿಕೆ. 60 ದಾಟಿದವರಿಗೆ ಮೊದಲ ಸಲ ಹಾಕುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ, ಅಪರೂಪವಾದರೂ, ಉಳಿದವರಿಗಿಂತ ಜಾಸ್ತಿ. ನಿಮ್ಮ ತಂದೆ ತಾಯಿ ಇಬ್ಬರೂ ಆ ವಯಸ್ಸಿನವರು. ಟಿಕೆಟ್ ಬುಕ್ ಮಾಡುವ ಮೊದಲೇ ಫಿಜಿಶಿಯನ್‌ಗೆ ತೋರಿಸಿ. ಇನ್ನೊಂದು: ಆ ಕಡೆ ತಲೆಸುತ್ತಿಗೆ ಕೋಕಾ ಎಲೆ ಟೀ ಕೊಡುತ್ತಾರೆ. ಅದರ ಒಂದು ಪೊಟ್ಟಣವೂ ಬ್ಯಾಗಿನಲ್ಲಿ ಬರಬಾರದು, ನಮ್ಮಲ್ಲಿ ಅದು ಮಾದಕವಸ್ತು ಕಾಯ್ದೆಗೆ ಬರುತ್ತದೆ.

ಬೆಣ್ಣೆನಗರಿ_ದಾವಣಗೆರೆ:
ಲಸಿಕೆ ವಿಷಯ ಗೊತ್ತೇ ಇರಲಿಲ್ಲ, ನಾಳೆಯೇ ಡಾಕ್ಟರ್ ಹತ್ತಿರ ಹೋಗ್ತೀವಿ. ಊಟ, ದುಡ್ಡು, ಓಡಾಟದ ಬಗ್ಗೆ ಸ್ವಲ್ಪ ಹೇಳಿ.

ಚಂದ್ರವಳ್ಳಿ:
ಅಲ್ಲಿ 2000ದಿಂದ ಅಮೆರಿಕನ್ ಡಾಲರೇ ನಡೆಯುವುದು. 50, 100ರ ನೋಟು ಅಂಗಡಿ, ಟ್ಯಾಕ್ಸಿಯವರು ಮುಟ್ಟುವುದಿಲ್ಲ. 1, 5, 10ರ ನೋಟು ಒಯ್ಯಿರಿ. ಮೆಟ್ರೋ 2023ರ ಡಿಸೆಂಬರ್‌ನಿಂದ ಓಡುತ್ತಿದೆ, ಸಾನ್ ಫ್ರಾನ್ಸಿಸ್ಕೋ ನಿಲ್ದಾಣ ಹಳೇ ಊರಿನ ಚೌಕದಲ್ಲೇ ಇದೆ. ಪನೆಸಿಯೋಗೆ ಮೆಟ್ಟಿಲು ಹತ್ತಿ ಹೋಗಬೇಡಿ, ದಾರಿಯಲ್ಲಿ ಸುಲಿಗೆ ಭಯ. ಟ್ಯಾಕ್ಸಿಯವರನ್ನು ಮೇಲೆ ಕಾಯಿಸಿ, ಅದರಲ್ಲೇ ಇಳಿಯಿರಿ. ಯಾರಾದರೂ ಅಂಗಿ ಮೇಲೆ ಏನೋ ಚೆಲ್ಲಿ ಒರೆಸಲು ಬಂದರೆ ನಿಲ್ಲದೆ ಮುಂದೆ ನಡೆಯಿರಿ, ಜೇಬಿಗೆ ಕೈ ಹಾಕುವವನು ಪಕ್ಕದಲ್ಲೇ ಇರುತ್ತಾನೆ.

ಭೂಮಧ್ಯರೇಖೆಯ ದೊಡ್ಡ ಸ್ಮಾರಕದ ಹಳದಿ ಗೆರೆ ನಿಜವಾದ ರೇಖೆಗಿಂತ ಸುಮಾರು 240 ಮೀಟರ್ ಆಚೀಚೆ ಇದೆ. ಹತ್ತಿರದಲ್ಲೇ ತೊಟ್ಟಿ ನೀರು ಈ ಕಡೆ ಒಂದು ದಿಕ್ಕಿಗೆ, ಆ ಕಡೆ ಇನ್ನೊಂದು ದಿಕ್ಕಿಗೆ ಸುತ್ತುವುದನ್ನು ತೋರಿಸುತ್ತಾರೆ. ಅಷ್ಟು ಚಿಕ್ಕ ತೊಟ್ಟಿಯಲ್ಲಿ ಭೂಮಿಯ ತಿರುಗುವಿಕೆ ಏನೂ ಮಾಡುವುದಿಲ್ಲ, ನೀರು ಸುರಿದ ಕೈ ಯಾವ ಕಡೆಯದು ಅನ್ನುವುದರ ಮೇಲೆ ಸುತ್ತು. ಮಕ್ಕಳಿದ್ದರೆ ಇದನ್ನು ಸರಿಯಾಗಿ ಹೇಳಿಕೊಡಿ.

ಊಟಕ್ಕೆ ಲೊಕ್ರೋ ದೆ ಪಾಪಾ: ಆಲೂಗಡ್ಡೆ, ಚೀಸು, ಬೆಣ್ಣೆಹಣ್ಣು ಹಾಕಿದ ಗಟ್ಟಿ ಸಾರು. ಬೇಯಿಸಿದ ಜೋಳ, ಬಾಳೆಕಾಯಿ ಎಲ್ಲ ಕಡೆ ಸಿಗುತ್ತದೆ. ‘ಸಿನ್ ಕಾರ್ನೆ’ (ಮಾಂಸ ಇಲ್ಲದ್ದು) ಅಂದರೆ ಕೋಳಿ, ಮೀನು ಬಿಟ್ಟಿದ್ದಾರೆ ಅಂತಲ್ಲ. ‘ಸಿನ್ ಪೊಯೋ, ಸಿನ್ ಪೆಸ್ಕಾದೋ’ (ಕೋಳಿ ಇಲ್ಲದ್ದು, ಮೀನು ಇಲ್ಲದ್ದು) ಎಂದೂ ಸೇರಿಸಿ ಹೇಳಿ. ಸಾರಿಗೆ ಹಾಕಿದ್ದು ನೀರೋ, ಕೋಳಿ ಬೇಯಿಸಿದ ರಸವೋ ಎಂದು ಬೇರೆಯಾಗಿಯೇ ಕೇಳಬೇಕು. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಅನ್ನ ಮಾಡಿಕೊಳ್ಳುವುದಾದರೆ ಕುಕ್ಕರ್ ಇರುವ ರೂಮೇ ಹಿಡಿಯಿರಿ, ಆ ಎತ್ತರದಲ್ಲಿ ನೀರು 90 ಡಿಗ್ರಿ ಆಸುಪಾಸಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ, ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ.