ಮಿಡಿ ಫೈಲಿನ ಟೆಂಪೋ ತಂದರೆ ರೆಕಾರ್ಡ್ ಮಾಡಿದ ಧ್ವನಿ ಎಳೆಯುತ್ತಿದೆ, ಏನು ಮಾಡೋದು?

ಪೇಟಿರೂಮ್_ನವನಗರ:
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ರೂಮ್ ಇದೆ. ಭಜನೆ, ನಾಟಕದ ಹಾಡು, ವಚನ, ಇಂಥವೇ ಕೆಲಸ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುತ್ತೇನೆ.

ಈಗ ಒಂದು ವಚನ ಕೈಯಲ್ಲಿದೆ. ಜಮಖಂಡಿಯ ಪೇಟಿ ಮಾಸ್ತರು ಅದನ್ನು ಕೀಬೋರ್ಡಿನಲ್ಲಿ ಕೂಡಿಸಿ ಪೆನ್‌ಡ್ರೈವಿನಲ್ಲಿ ಮಿಡಿ ಫೈಲ್ (ಸದ್ದಲ್ಲ, ಯಾವ ಸ್ವರ ಯಾವಾಗ ಅನ್ನೋ ದಾಖಲೆ) ಕೊಟ್ಟಿದ್ದಾರೆ. ಟೆಂಪೋ, ಅಂದರೆ ವೇಗ, ಶುರುವಿನಲ್ಲಿ ನಿಮಿಷಕ್ಕೆ 72 ಬೀಟ್, ನಡುವೆ 84, ಕೊನೆಗೆ ಭಜನೆಯ ಗತ್ತಿನಲ್ಲಿ 112, ಮುಗಿಯುವಾಗ ಮತ್ತೆ ನಿಧಾನ. ಗಾಯಕಿ ಅದೇ ಕೀಬೋರ್ಡ್ ಕೇಳಿಕೊಂಡು ಹಾಡಿದ್ದಾರೆ. ಎಷ್ಟು ಚೆಂದ ಬಂದಿದೆ ಅಂದರೆ ಇನ್ನೊಮ್ಮೆ ಹಾಡಿಸುವ ಮಾತೇ ಇಲ್ಲ. ಕೀಬೋರ್ಡಿನ ಸಪ್ಪೆ ಸದ್ದು ತೆಗೆದು ಒಳ್ಳೆ ಸಾರಂಗಿ, ಕೊಳಲು ಕೂಡಿಸಬೇಕು, ಅಷ್ಟೇ.

ಮಿಡಿ ಫೈಲ್ ತರುವಾಗ ಟೆಂಪೋ ಮ್ಯಾಪ್ (ಎಲ್ಲೆಲ್ಲಿ ಎಷ್ಟು ವೇಗ ಅನ್ನೋ ಪಟ್ಟಿ) ಸೇರಿಸಲೇ ಅಂತ ರೀಪರ್ ಕೇಳುತ್ತದೆ. ಬೇಡ ಅಂದರೆ ಇಡೀ ಹಾಡು ರೀಪರಿನ ಮಾಮೂಲಿ 120ರಲ್ಲಿ ಓಡಿಬಿಡುತ್ತದೆ. ಬೇಕು ಅಂದರೆ ಮಿಡಿ ಸರಿ, ಆದರೆ ಧ್ವನಿಯ ಕ್ಲಿಪ್ ಉದ್ದವಾಗಿ ಗಾಯಕಿ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳುತ್ತದೆ. ದಾರಿ ಏನು?

ಕೀಬೋರ್ಡ್_ಟಿಳಕವಾಡಿ:
ಅಣ್ಣಾ, ಬೇಕು ಅನ್ನೋದೇ ಸರಿ. ಆದರೆ ಅದಕ್ಕೆ ಮೊದಲು ಧ್ವನಿಯನ್ನು ಕಟ್ಟಿಹಾಕಬೇಕು.

ರೀಪರ್‌ನಲ್ಲಿ ಟ್ರ್ಯಾಕಿಗೆ ಟೈಮ್‌ಬೇಸ್ ಅಂತ ಒಂದಿದೆ. ಸುಮ್ನೆ ಬಿಟ್ಟರೆ ಅದು ಬೀಟ್ಸ್ ಮೇಲೆ ಇರುತ್ತದೆ. ಅಂದರೆ ನಿಮ್ಮ ಕ್ಲಿಪ್ ಎಷ್ಟು ಸೆಕೆಂಡು ಅಂತಲ್ಲ, ಎಷ್ಟು ಮಾತ್ರೆ ಅಂತ ಲೆಕ್ಕ. ಪ್ರಾಜೆಕ್ಟ್ 120ರಿಂದ 72ಕ್ಕೆ ಇಳಿದಾಗ ಒಂದೊಂದು ಮಾತ್ರೆಯೂ ಉದ್ದವಾಯಿತು, ಧ್ವನಿಯೂ ಅದರ ಹಿಂದೆ ಎಳೆಯಿತು.

ಅನ್‌ಡೂ ಮಾಡಿ ಹಿಂದೆ ಬನ್ನಿ. ಧ್ವನಿಯ ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್ ಮಾಡಿ ಟೈಮ್‌ಬೇಸನ್ನು ಟೈಮ್ ಅಂತ ಇಡಿ. ಆಮೇಲೆ ಹೋಮ್ ಕೀ ಒತ್ತಿ ಕರ್ಸರನ್ನು ಶುರುವಿಗೆ ತನ್ನಿ. ಇದು ಮರೆಯಬೇಡಿ, ಕರ್ಸರ್ ಎಲ್ಲಿದೆಯೋ ಟೆಂಪೋ ಮ್ಯಾಪ್ ಅಲ್ಲಿಂದ ಕೂರುತ್ತದೆ. ಈಗ ಮಿಡಿ ತಂದು ಬೇಕು ಅನ್ನಿ. ಗ್ರಿಡ್ (ಪರದೆಯ ಮೇಲಿನ ಮಾತ್ರೆಯ ಗೆರೆಗಳು) ಬದಲಾಗುತ್ತದೆ, ಧ್ವನಿ ಅಲುಗಾಡುವುದಿಲ್ಲ.

ಇಲ್ಲಿಂದ ಮುಂದೆಯೇ ಜಾಸ್ತಿ ಜನ ಎಡವೋದು. ಮಿಡಿ, ಧ್ವನಿ ಎರಡರ ಶುರುವೂ ಕೂಡುವುದಿಲ್ಲ, ಯಾಕಂದರೆ ಎಷ್ಟೋ ಮಿಡಿ ಫೈಲುಗಳಲ್ಲಿ ಮೊದಲ ಬಾರ್ (ಮಾತ್ರೆಗಳ ಒಂದು ಗುಂಪು) ಖಾಲಿ ಇರುತ್ತದೆ. ವಾದ್ಯದ ಆಯ್ಕೆ, ವಾಲ್ಯೂಮ್ ಎಲ್ಲ ಅಲ್ಲಿ ಕೂತಿರುತ್ತವೆ. ಆಗ ಮಿಡಿಯನ್ನು ಸರಿಸಬೇಡಿ. ಸರಿಸಿದರೆ ಸ್ವರಗಳು ಮಾತ್ರ ಹೋಗುತ್ತವೆ, ಟೆಂಪೋ ಬದಲಾಗುವ ಗುರುತುಗಳು ಅಲ್ಲೇ ಉಳಿಯುತ್ತವೆ, 84 ಬರಬೇಕಾದ ಕಡೆ 72 ನಡೆಯುತ್ತದೆ. ಧ್ವನಿಯನ್ನೇ ಸರಿಸಿ. ಮೊದಲ ಅಕ್ಷರ ಕೂಡಿಸಿ, ನೇರ ಕೊನೆಯ ಸಾಲಿಗೆ ಹೋಗಿ ಕೇಳಿ. ಅಲ್ಲೂ ಕೂಡಿದರೆ ನಡುವಿನದು ನೋಡುವ ಅಗತ್ಯವೇ ಇಲ್ಲ.

ಇನ್ನೊಂದು. ಟೆಂಪೋ 72.00003 ಅಂತ ಕಂಡರೆ ತಿದ್ದಲು ಹೋಗಬೇಡಿ. ಫೈಲಿನೊಳಗೆ 72 ಅಂತ ಬರೆದಿರುವುದಿಲ್ಲ. ಒಂದು ಕ್ವಾರ್ಟರ್ ನೋಟಿಗೆ (ಇಲ್ಲಿ ಒಂದು ಬೀಟ್) ಎಷ್ಟು ಮೈಕ್ರೋಸೆಕೆಂಡ್ ಅಂತ ಇರುತ್ತದೆ. 120 ಅಂದರೆ 5,00,000. 72 ಅಂದರೆ 8,33,333, ಉಳಿದ ಚೂರು ಬಿಟ್ಟುಹೋಗುತ್ತದೆ.

ತಬಲಾ_ವಿಜಯಪುರ:
ಮೇಲಿನವರು ಹೇಳಿದ್ದು ಸರಿ. ಭಜನೆಯ ಭಾಗ ದಾದರಾ (ಆರು ಮಾತ್ರೆಯ ತಾಳ) ಇದ್ದು ಮಾಸ್ತರು ಫೈಲಿನಲ್ಲಿ ತಾಳದ ಗುರುತು 6/8 ಹಾಕಿದ್ದರೆ ಮಾತ್ರ ಅಂಕಿ ನೋಡಿ ಗಾಬರಿಯಾಗಬೇಡಿ. ನಾವು ಧಾ ಧೀಂ ನಾ, ಧಾ ತೀಂ ನಾ ಅಂತ ಮೂರು ಮಾತ್ರೆಗೆ ಒಂದು ತಟ್ಟು ಎಣಿಸುತ್ತೇವೆ. ಫೈಲ್ ಎಣಿಸೋದು ಕ್ವಾರ್ಟರ್ ನೋಟು, ಅಂದರೆ ಇಲ್ಲಿ ಎರಡು ಮಾತ್ರೆ. ನಿಮ್ಮ ತಟ್ಟು ನಿಮಿಷಕ್ಕೆ 80 ಇದ್ದರೆ ಫೈಲಿನಲ್ಲಿ 120 ಇರುತ್ತದೆ. ಎರಡೂ ಒಂದೇ ವೇಗ.

ಪೇಟಿರೂಮ್_ನವನಗರ:
ಆಯ್ತು ಅಣ್ಣಾ! ಮೊದಲ ಬಾರ್ ಖಾಲಿಯೇ ಇತ್ತು. ಧ್ವನಿಯನ್ನು ಅಷ್ಟು ಮುಂದೆ ತಳ್ಳಿದೆ, ಕೊನೆಯ ಸಾಲು ತಾನಾಗಿ ಬಂದು ಕೂತಿತು. ತಬಲಾ ಸರ್, ನಮ್ಮದು ಎಂಟು ಮಾತ್ರೆಯ ಕೆಹರವಾ, ಆ ತೊಂದರೆ ಬರಲಿಲ್ಲ. ಆದರೆ ಕೊನೆಗೆ ನಿಧಾನವಾಗುವ ಕಡೆ ಟೆಂಪೋ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ, ಹತ್ತಿಪ್ಪತ್ತು ಗುರುತು ಒತ್ತಿಕೊಂಡು ಕೂತಿವೆ. ಅಳಿಸಿ ಒಂದು ನೇರ ಇಳಿಜಾರು ಎಳೆಯಲೇ?

ಕೀಬೋರ್ಡ್_ಟಿಳಕವಾಡಿ:
ಮುಟ್ಟಬೇಡಿ. ಮಿಡಿ ಫೈಲಿನಲ್ಲಿ ಇಳಿಜಾರು ಅನ್ನೋದೇ ಇಲ್ಲ, ಒಂದು ಟೆಂಪೋ ಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತದೆ ಅಷ್ಟೇ. ಮಾಸ್ತರು ಟೆಂಪೋ ಇಳಿಸುತ್ತಾ ಹೋದ ಹಾಗೆ ಒಂದೊಂದು ಮೆಟ್ಟಿಲು ಬಿದ್ದಿದೆ, ಗಾಯಕಿಯೂ ಅದನ್ನೇ ಕೇಳಿ ಹಾಡಿದ್ದಾರೆ ಅಲ್ವಾ. ಹೊಸ ಗೆರೆ ಎಳೆದರೆ ಅಲ್ಲಿಯ ಒಟ್ಟು ಸಮಯ ಬದಲಾಗಿ ಆ ಸಾಲು ಮತ್ತೆ ಬಿಡುತ್ತದೆ. ಸಾರಂಗಿ ಕೂಡಿಸಿದ ಮೇಲೆ ಇಲ್ಲಿ ಹಾಕಿ, ಕೇಳೋಣ.